ಹೆಬ್ಬೆರಳ ಕೆಳಗೆ

ನವೆಂಬರ್ ೧೪, ಗುರುವಾರ

ಅಣ್ಣನ ಮುಂದೆ ಇವತ್ತು ಎಂಥ ಕೆಲಸ ಮಾಡಿಬಿಟ್ಟೆ! ನನ್ನ ಸರ್ಕ್ಯೂಟು ಬ್ಯಾಟರಿಯಿಂದ ಪಡೆಯುವುದಕ್ಕಿಂತ ಹೆಚ್ಚು ವಿದ್ಯುತ್ ಕೊಡುತ್ತದೆಂದು ಗಂಟಲು ಹರಿಯುವಂತೆ ವಾದಿಸಿದೆ.

"ಹಾಗಾದ್ರೆ ಬ್ಯಾಟರಿ ತೆಗೆದುಬಿಡು, ಅದು ಕೊಡೋ ಕರೆಂಟಲ್ಲೇ ಅದು ಓಡ್ಲಿ ನೋಡೋಣ" ಅಂದ.

"ನಿನಗೆ ಹೊಟ್ಟೆಕಿಚ್ಚು" ಎಂದೆ, ಅತ್ತಿಗೆಯ ಎದುರೇ.

ಸರ್ಕ್ಯೂಟಿಗೆ ಒಳಹೋಗುವ ಕರೆಂಟು ಅಳೆಯಲೊಂದು, ಹೊರಬರುವುದಕ್ಕೊಂದು ಮೀಟರು ಹಿಡಿದಿದ್ದೆ. ಎರಡನೆಯದರ ಮೂಲೆಯಲ್ಲಿ ಅದರೊಳಗಿನ ಸೆಲ್ ಇಳಿದಿರುವ ಗುರುತು ಮಿನುಗಿತು. ಸೆಲ್ ಇಳಿದರೆ ಮೀಟರು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಗೊತ್ತಿದ್ದೂ ಆ ಗುರುತಿನ ಮೇಲೆ ಹೆಬ್ಬೆರಳಿಟ್ಟೆ.

ಹೊರಡುವಾಗ ಅಣ್ಣ ತನ್ನ ಮೀಟರನ್ನೇ ಮೇಜಿನ ಮೇಲಿಟ್ಟ. "ನೀನು ಸುಳ್ಳು ಹೇಳೋನಲ್ಲ ಕಣೋ, ನಿನ್ನ ಮೀಟರ್ ಕೆಟ್ಟಿರ್ಬೇಕು. ಇದ್ರಲ್ಲಿ ನೋಡಿ ಹೇಳು. ಏನ್ ಬಂದ್ರೂ ನಂಬ್ತೀನಿ."

ನಂಬಿಯೂಬಿಡುತ್ತಾನೆ ಮಹಾರಾಯ. ಮೀಟರು ಇನ್ನೂ ಅಲ್ಲೇ ಇದೆ. ಮುಟ್ಟೋಣವೆಂದರೆ ಆ ಗುರುತು ಮುಚ್ಚಿದ ಈ ಹೆಬ್ಬೆರಳೇ ಮುಂದೆ ಬರುತ್ತಿಲ್ಲ.