ದಾರದ ಇನ್ನೊಂದು ತುದಿ

ಪ್ರೀತಿಯ ಕಾಕಾ,

ನಿನ್ನ ಲಾರಿಯ ಸುದ್ದಿಯಷ್ಟೇ ಬರೆದು ಮುಗಿಸಬೇಕೆಂದು ಕೂತಿದ್ದೆ. ಇನ್ನೊಂದು ಮಾತನ್ನು ಬಿಟ್ಟುಬಿಡುವುದರಲ್ಲಿದ್ದೆ. ನೀನು ಹೋದಮೇಲೆ, ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು ಬೀಗ ತೆಗೆದರೆ ಮರುದಿನ ಹಾಲಿನವನು ಬರುವತನಕ ನನ್ನ ದನಿ ನನಗೇ ಕೇಳಿಸುವುದಿಲ್ಲ. ರೇಡಿಯೋ ಹಚ್ಚುತ್ತೇನೆ. ಅದು ನನ್ನನ್ನು ಏನೂ ಕೇಳುವುದಿಲ್ಲವಲ್ಲ. ಇದನ್ನು ಹೇಳದೆ ಲಾರಿಯ ಕತೆ ಹೇಳಿದರೆ ಅದು ಅರ್ಧ ಕತೆ.

ಹುಬ್ಬಳ್ಳಿಯ ಹಾಸ್ಟೆಲಿನಿಂದ ರಜೆಗೆ ಬಂದಿದ್ದ ಒಂದು ಮಧ್ಯಾಹ್ನ ನಿನಗೆ ನೆನಪಿದೆಯೇ? ನನ್ನ ಮರದ ಅಳತೆಪಟ್ಟಿಯನ್ನು ಎರಡು ಬಟ್ಟಲುಗಳ ಮೇಲಿಟ್ಟು ನೀನು ನಡುವೆ ಬೆರಳೊತ್ತಿದೆ. ಬಾಗಿತು. ಆಮೇಲೆ ಪಟ್ಟಿಯ ಕೆಳಗೆ ತುದಿಯಿಂದ ತುದಿಗೆ ದಾರ ಬಿಗಿದು, ನಡುವಿನ ಸಂದಿಗೆ ಬೆಂಕಿಪೊಟ್ಟಣ ತುರುಕಿ ಮತ್ತೆ ಒತ್ತಿದೆ. ಈ ಸಲ ಬಾಗಲಿಲ್ಲ.

"ಇದಕ್ಕ ನಿಮ್ಮ ಸಾಲ್ಯಾಗ ಏನಂತಾರವಾ ಸರೂ?"

"ಟ್ರಸ್ ಅಂತಾರ ಕಾಕಾ."

"ಹೌದಾ? ನಾವೂ ಟ್ರಸ್ಸ ಅಂತೇವಿ. ಹಂಗಾರ ಮೌಲಾಸಾಬನ ಗ್ಯಾರೇಜೂ ಇಂಗ್ಲಿಷ್ ಮೀಡಿಯಂ ಆತು ಬಿಡು."

ಕಳೆದ ಸುಗ್ಗಿಯಲ್ಲಿ ನಿನ್ನ ಲಾರಿಯ ಮುಂದಿನ ಆಕ್ಸಲ್ ನಡುವೆ ಜೋತಿತ್ತು. ಅದರ ಹೊಟ್ಟೆಗೆ ಟ್ರಸ್ ಬೆಸೆದು ಗಟ್ಟಿ ಮಾಡಬೇಕೆಂದು ಕಬ್ಬಿಣದ ಪಟ್ಟಿಗಳನ್ನು ಕತ್ತರಿಸಿ ಶೆಡ್ಡಿನಲ್ಲಿಟ್ಟಿದ್ದೆಯಲ್ಲ. ಅಷ್ಟರಲ್ಲಿ ನೀನು... ಪಟ್ಟಿಗಳು ಅಲ್ಲೇ ಉಳಿದವು. ಡ್ರೈವರ್ ನಿಂಗಪ್ಪ ಮಾತ್ರ ಬಾಗಿಲಿಗೆ ಬಂದು ಹೇಳುತ್ತಲೇ ಇದ್ದ. "ಅಕ್ಕಾರ, ಟಾಯರ್ ಒಂದ ಮಗ್ಗಲ ಸವ್ಯಾಕತ್ತಾವ್ರಿ. ನಾ ರೋಡಿಗೆ ಎಳದ್ರ ಗಾಡಿ ಹೊಲಕ್ಕ ಎಳೀತೈತಿ." ರಾಣೆಬೆನ್ನೂರಿನಿಂದ ಗುಜರಿಯವನೂ ಬಂದು ಲಾರಿಯ ಸುತ್ತ ತಿರುಗಿ ನೋಡಿ ಹೋದ. ನಾನು ಕೊಡಲಿಲ್ಲ. ಲಾರಿಯ ಮೇಲಿನ ಪ್ರೀತಿಗೋ? ಅಥವಾ ಅದೂ ಹೋದರೆ ನಿಂಗಪ್ಪ ಯಾಕೆ ಬಂದಾನು, ನನ್ನನ್ನು 'ಅಕ್ಕಾರ' ಎಂದು ಕರೆಯುವವರು ಇನ್ಯಾರು ಎಂಬ ಹೆದರಿಕೆಗೋ? ಈಗಲೂ ನನಗೆ ಸರಿಯಾಗಿ ತಿಳಿಯದು.

ಕೊನೆಗೆ ಈ ಸುಗ್ಗಿಯಲ್ಲಿ ಲಾರಿಯನ್ನೂ ನಿನ್ನ ಆ ಪಟ್ಟಿಗಳನ್ನೂ ಮೌಲಾಸಾಬನ ಗ್ಯಾರೇಜಿಗೆ ಒಯ್ದೆವು. ಅಲ್ಲಿ ನೀನು ಕೂರುತ್ತಿದ್ದ ಹಳೆಯ ಟೈರಿನ ಮೇಲೆಯೇ ನಾನೂ ಕೂತೆ. ಆಕ್ಸಲನ್ನು ಇಳಿಸಿ, ತುದಿಗಳಿಗೆ ಸರಪಳಿ ಬಿಗಿದು, ನಡುವೆ ಜಾಕಿಯಿಂದ ಎತ್ತಿ ನೆಟ್ಟಗೆ ಮಾಡಿದರು. ಆಮೇಲೆ ನಿಮ್ಮಿಬ್ಬರ ಹಳೆಯ ಪದ್ಧತಿ: ಎಡಕ್ಕೊಂದು ಬೆಸುಗೆಯ ಟಾಕಾ, ಚಹಾ, ಬಲಕ್ಕೊಂದು ಟಾಕಾ, ಚಹಾ. ಒಂದೇ ಕಡೆ ಬೆಸೆಯುತ್ತ ಹೋದರೆ, ಕಾದ ಕಬ್ಬಿಣ ಆರುವಾಗ ಆಕ್ಸಲನ್ನು ಆ ಕಡೆಗೇ ಸೆಳೆದುಕೊಳ್ಳುತ್ತದೆ. ಅದಕ್ಕೇ ನಡುವೆ ಕಾಯಬೇಕು. ನೀನು ಅಷ್ಟೊಂದು ಚಹಾ ಕುಡಿದು ಬಂದು ರಾತ್ರಿ ಊಟ ಬೇಡವೆನ್ನುತ್ತಿದ್ದಾಗ ನಾನು ಮುನಿಸಿಕೊಳ್ಳುತ್ತಿದ್ದೆನಲ್ಲ.

ಮೌಲಾಸಾಬ ನಮಾಜಿಗೆ ಹೋದಾಗ ಕೆಲಸ ಕೆಡುವ ಗಳಿಗೆಯೊಂದು ಬಂತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲಗಳು ಕಾಯುತ್ತಿದ್ದವು, ನಿಂಗಪ್ಪನಿಗೆ ತಡೆಯಲಾಗಲಿಲ್ಲ. "ಚಹಾ ಕುಡದ ಕುಡದ ಹೊಟ್ಟಿ ರೇಡಿಯೇಟರ್ ಆಗೇತ್ರಿ ಅಕ್ಕಾರ. ಒಂದ ಬಕೀಟ ನೀರ ಹೊಯ್ದ್ರ ಲಗೂ ಆರ್ತೈತಿ" ಎಂದು ತುಂಬಿದ ಬಕೆಟ್ಟು ತಂದೇಬಿಟ್ಟ. ಬೆಸುಗೆಯ ಜಾಗ ಇನ್ನೂ ಕೆಂಪಗಿತ್ತು. ಕಾದ ಕಬ್ಬಿಣಕ್ಕೆ ನೀರು ಹೊಯ್ದರೆ ಅದು ಸಿಟ್ಟನ್ನು ಒಳಗೇ ಇಟ್ಟುಕೊಂಡು ಲೋಡು ಬಿದ್ದಾಗ ಬಿರಿಯುತ್ತದೆ ಎಂದು ನೀನು ಎಷ್ಟು ಸಲ ಹೇಳಿದ್ದೆ. ನಾನು ಬಕೆಟ್ಟಿನ ಹಿಡಿಕೆಗೆ ಕೈ ಹಾಕಿದೆ.

"ನಿಂಗಪ್ಪಾ, ಕೆಳಗಿಡು. ಇಲ್ಲೆ ಕುಂದ್ರು. ಕಾಕಾ ನಿನಗ ಗಾಡಿ ಹೊಡಿಯೋದು ಹೆಂಗ ಕಲಿಸಿದ, ಹೇಳು."

ಅವನು ನನ್ನ ಮುಖ ನೋಡಿದ. ಆಮೇಲೆ ಕೂತ. "ಕಲಿಸಿದ್ದೆಲ್ಲೈತ್ರಿ, ಬೈದದ್ದ ಐತಿ. ಕರ್ಜಗಿ ದಾರ್ಯಾಗ ಗೇರ್ ಕಿರ್ ಅಂದ್ರ ಸಾಕು, 'ಲೇ, ಗೇರ್ ಹಾಕಾಕತ್ತಿಯೋ, ಜ್ವಾಳ ಬೀಸಾಕತ್ತಿಯೋ?' ಅಂತಿದ್ರು. ಊರ ಬಂದ ಮ್ಯಾಲ ಮಿರ್ಚಿ ಭಜಿ ಕೊಡಸ್ತಿದ್ರು. ತಿನ್ನೂಮುಂದನೂ ಬೈತಿದ್ರು."

ನಾನು ನಕ್ಕೆ. ನಗು ಹೊರಗೆ ಬಂದ ಮೇಲೆ ಅದು ನನ್ನದೇ ಎಂದು ಗೊತ್ತಾಯಿತು. ಅವನು ಇನ್ನೊಂದು ಹೇಳಿದ, ಮತ್ತೊಂದು ಹೇಳಿದ. ಮೌಲಾಸಾಬ ಬಂದು ಕೈಯ ಹಿಂಬದಿಯಿಂದ ಬೆಸುಗೆಯನ್ನು ಮುಟ್ಟಿ ನೋಡಿದ. "ತಾನ ಆರೇತಿ. ಛಲೋ ಆತು. ಮುಂದಿನ ಚಹಾ ಯಾರ ಪಾಳಿ?"

"ನಂದು" ಎಂದೆ.

ಮೊದಲ ಲೋಡು ಇಳಿಸಿ ಲಾರಿ ಬಂದ ದಿನ ನಿನ್ನ ಅಳತೆಯ ಬಿದಿರು ಕಡ್ಡಿ ತೆಗೆದೆವು. ಆಕ್ಸಲ್ ಹೊಸದಿದ್ದಾಗ ತುದಿಯಿಂದ ತುದಿಗೆ ದಾರ ಹಿಡಿದು, ಅದರ ನಡುಭಾಗದ ಮೇಲೆ ಕಡ್ಡಿ ನಿಲ್ಲಿಸಿ, ದಾರ ತಾಗಿದಲ್ಲಿ ನೀನು ಗೀರು ಹಾಕಿದ್ದೆ. ನಡು ಜೋತರೆ ದಾರ ಗೀರಿಗಿಂತ ಮೇಲೆ ನಿಲ್ಲುತ್ತದೆ. ಮೌಲಾಸಾಬ ಕಡ್ಡಿಯೊಡನೆ ಗಾಡಿಯಡಿಗೆ ನುಸುಳಿದ. ನಿಂಗಪ್ಪ ಒಂದು ತುದಿ ಹಿಡಿದ. ಇನ್ನೊಂದು ತುದಿ ಯಾವಾಗಲೂ ನಿನ್ನದು. ಈ ಸಲ ಅದು ನನ್ನ ಕಡೆ ಬಂತು. ಸೀರೆ ಮಣ್ಣಾಗುವುದನ್ನು ನೋಡದೆ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಎಳೆದು ಹಿಡಿದೆ.

"ಗೀರಿನ ಮ್ಯಾಲ ಕುಂತೈತಿ" ಎಂದಿತು ಕೆಳಗಿನ ದನಿ.

ಮನೆ ಈಗಲೂ ಹಾಗೇ ಇದೆ, ಕಾಕಾ. ಬೀಗ ತೆಗೆದರೆ ಅದೇ ನಿಶ್ಶಬ್ದ. ಆಕ್ಸಲ್ ನೆಟ್ಟಗಾದರೆ ಮನೆಯೂ ಆದೀತೆಂದು ಎಲ್ಲೋ ಆಸೆಪಟ್ಟಿದ್ದೆನೇನೋ. ಆಗಲಿಲ್ಲ. ಆದರೆ ಸುಗ್ಗಿ ಮುಗಿಯುವತನಕ ಪ್ರತಿ ಲೋಡಿನ ನಂತರ ದಾರ ಹಿಡಿದು ನೋಡಬೇಕಂತೆ, ಒಬ್ಬರೇ ಮಾಡುವ ಕೆಲಸವಲ್ಲವಂತೆ. ಬರುತ್ತೇನೆಂದು ಹೇಳಿದ್ದೇನೆ.

ಮುಂದಿನ ಲೋಡಿಗೆ ನಾನೂ ಕ್ಯಾಬಿನ್ನಿನಲ್ಲಿ ಕೂತು ಬ್ಯಾಡಗಿಗೆ ಹೋಗುತ್ತೇನೆ. ಲಕೋಟೆಯ ಮೇಲೆ ನಿನ್ನ ಹೆಸರಷ್ಟೇ ಇರುತ್ತದೆ, ನೀನೀಗ ಇರುವಲ್ಲಿಗೆ ವಿಳಾಸವಿಲ್ಲವಲ್ಲ. ಅಲ್ಲಿ ಪೇಟೆಯ ಹತ್ತಿರದ ಅಂಚೆ ಡಬ್ಬಿಗೆ ಇದನ್ನು ಹಾಕುವುದು ಮಾರ್ಚ್ ಒಂಬತ್ತು, ಸೋಮವಾರ.