ಉಡಿ ಒಡ್ಡಲಿಲ್ಲ

ಸಂತೆಕಲ್ಲೂರು
೯ ಜುಲೈ ೨೦೨೫

ಪ್ರೀತಿಯ ಅವ್ವಗೆ,

ನಿನ್ನ ಗದ್ದೆಮ್ಮ ಮಾಡುವ ನಮಸ್ಕಾರ. ಅಪ್ಪ ಮನೆ ಬಿಟ್ಟು ಹೋಗು ಎಂದದ್ದಕ್ಕೆ ನಾನು ಅತ್ತಿಲ್ಲ. ಚಿಗವ್ವನ ಮನೆಯಲ್ಲಿ ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ. ಫೋನಿನಲ್ಲಿ ನೀನು ಅತ್ತರೆ ನನಗೆ ಮಾತು ಹೊರಡುವುದಿಲ್ಲ. ಐದನೆಯ ತರಗತಿಯವರೆಗೆ ಕಲಿತ ಅಕ್ಷರ ಇದಕ್ಕಾದರೂ ಬರಲಿ ಎಂದು ಬರೆಯುತ್ತಿದ್ದೇನೆ. ನೀನೊಬ್ಬಳೇ ಕೂತು, ಜೋಡಿಸಿಕೊಂಡು ಓದು.

ಶುಕ್ರವಾರ ರೈಸ್ ಮಿಲ್ ಸಾಹುಕಾರರ ಹೆಂಡತಿ ವೀರಭದ್ರಮ್ಮ ಸಿಂಧನೂರಿನಿಂದ ನಮ್ಮ ಮುಕ್ಕುಂದಕ್ಕೆ ಕಾರಿನಲ್ಲಿ ಬಂದರಲ್ಲ, ಮದುವೆ ಗೊತ್ತಾದ ಹುಡುಗಿಗೆ ಉಡಿ ತುಂಬುತ್ತೇನೆ ಎಂದು. ಹಸಿರು ಸೀರೆ, ಕೊಬ್ಬರಿ ಬಟ್ಟಲು, ಅವರದೇ ಮಿಲ್ಲಿನ ಅಕ್ಕಿ. "ನೀ ನಮ್ಮನಿ ಮಗಳಿದ್ದಂಗ ಬೇ. ಮಗಳು ತವರಿನ ಮ್ಯಾಲೆ ಸಾಕ್ಷಿ ಹೇಳ್ತಾಳೇನು?" ಎಂದರು. ಆ ಉಡಿ ಹಿಡಿದರೆ ನಾನು ಬಾಯಿ ತೆರೆಯುವಂತಿಲ್ಲ ಎಂಬುದು ಆಗ ತಿಳಿಯಿತು.

ನೀನು ಹಿಂದಿನಿಂದ ತಿವಿದೆ: "ಹಿಡಿಯಬೇ, ಮನೀತನಕ ಬಂದ ಉಡಿ ಒಲ್ಲೆ ಅನಬಾರ್ದು." ನಾನು ಯಾರ ಮುಂದೆಯೂ ತಲೆ ಎತ್ತಿದವಳಲ್ಲ. ಅಂದೂ ಎತ್ತಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಲ ನೋಡುತ್ತ ನಿಂತೆ. ಅವರು ಸುರಿದ ಅಕ್ಕಿ ನನ್ನ ಪಾದದ ಮೇಲೆ ಚೆಲ್ಲಿತು.

ಹನ್ನೊಂದು ವರ್ಷದವಳಿದ್ದಾಗ ನನ್ನನ್ನು ಮನೆಗೆಲಸಕ್ಕೆಂದು ಅವರ ಮನೆಗೆ ಕರೆದುಕೊಂಡು ಹೋದರು. ಕಾಲುವೆಯಾಚೆಯ ತೋಟದ ಮನೆಗೆ ದೊಡ್ಡ ಮಂದಿ ಬಂದಾಗೆಲ್ಲ ನನ್ನನ್ನೂ ನನ್ನ ಜೊತೆ ಕೆಲಸಕ್ಕಿದ್ದ ಶಿವಕುಮಾರಿಯನ್ನೂ ಜೀಪು ಹತ್ತಿಸಿ ಕಳಿಸಿದವರು ಇದೇ ವೀರಭದ್ರಮ್ಮ. ಆಗ ಮಗಳೆಂದು ನೆನಪಾಗಲಿಲ್ಲವೇ? ಅಲ್ಲಿ ನಮಗೆ ಆದದ್ದನ್ನು ಇಲ್ಲಿ ಬರೆಯುವುದಿಲ್ಲ. ಕೇಳಬೇಕಾದವರ ಮುಂದೆ ಹೇಳುತ್ತೇನೆ.

ಶಿವಕುಮಾರಿ ಮೊದಲು ಧೈರ್ಯ ಮಾಡಿ ದೂರು ಕೊಟ್ಟಳು. ಕೇಸು ಈಗ ಕೇಂದ್ರದ ತನಿಖೆಯವರ ಕೈಯಲ್ಲಿದೆ. ಸೋಮವಾರ ಲಿಂಗಸುಗೂರಿನಲ್ಲಿ ನನ್ನ ಹೇಳಿಕೆ. ನನ್ನ ದನಿ ಸಣ್ಣದು ಎಂದದ್ದಕ್ಕೆ, ಕನ್ನಡ ಬರುವ ಮೇಡಂ ಒಬ್ಬರು ಕುರ್ಚಿ ಹತ್ತಿರ ಎಳೆದುಕೊಂಡು ಕೂರುತ್ತೇನೆ ಎಂದಿದ್ದಾರೆ.

ಹುಲಿಗೇಶನ ಮನೆಯವರು ಸಂಬಂಧ ಬಿಡುತ್ತಾರೆ ಎಂದು ನೀನು ಅಂದೆ. ಬಿಡಲಿ. ಮರ್ಯಾದೆ ಹೋಗುವುದಾದರೆ ಜೀಪು ಕಳಿಸಿದವರದು ಹೋಗಲಿ. ಚಿಗವ್ವ ಮಾತ್ರ ಬಂದವರಿಗೆಲ್ಲ, "ಗುಬ್ಬಿಯಂಥಾಕಿ ಸಾವ್ಕಾರ್ರ ಕಾರು ಹಿಂದಕ ತಿರುಗಿಸ್ಯಾಳ ನೋಡ್ರಿ" ಎಂದು ಹೇಳಿಕೊಂಡು ನಗುತ್ತಾಳೆ.

ಇಂತಿ, ನಿನ್ನ ಮಾತು ಮೀರಿದ ಮಗಳು,
ಗದ್ದೆಮ್ಮ

ತಾ.ಕ.: ಆಮೇಲೆ ವೀರಭದ್ರಮ್ಮ ನಿನ್ನ ಕಡೆ ತಿರುಗಿ ಉಡಿ ತುಂಬಲು ಬಂದಾಗ, ಒಲೆಯ ಮೇಲೆ ಹಾಲಿದೆ ಎಂದು ನೀನು ಒಳಗೆ ಹೋದೆ. ಒಲೆ ಹಚ್ಚಿರಲಿಲ್ಲ, ಅವ್ವ. ಹಿರಿಯ ಸಾಹುಕಾರರ ಕಾಲದಲ್ಲಿ, ಸಣ್ಣವಳಿದ್ದಾಗ ನೀನೂ ಆ ಮನೆಯಲ್ಲಿ ಕಸಮುಸುರೆ ಮಾಡಿದವಳು ಎಂದು ಚಿಗವ್ವ ಹೇಳಿದಳು. ನನ್ನನ್ನು ಅಲ್ಲಿಗೆ ಕಳಿಸಿದ ದಿನ ನೀನು ಬೇಡವೆಂದು ಅಪ್ಪನ ಕಾಲು ಹಿಡಿದದ್ದು ಏಕೆಂದು ಈಗ ಅರ್ಥವಾಯಿತು. ನಾನು ಏನೂ ಕೇಳುವುದಿಲ್ಲ, ಮೇಡಂಗೂ ಹೇಳಿಲ್ಲ. ಸೋಮವಾರ ಬೆಳಿಗ್ಗೆ ಲಿಂಗಸುಗೂರು ಬಸ್ ಸ್ಟ್ಯಾಂಡಿನಲ್ಲಿ, ಮಸ್ಕಿ ಕಡೆಯ ಬಸ್ಸು ನಿಲ್ಲುವಲ್ಲಿ ನಿಂತಿರುತ್ತೇನೆ. ನೀನು ಇಳಿದರೆ ಇಬ್ಬರೂ ಮೇಡಂ ಮುಂದೆ ಹೋಗೋಣ.