ಗ್ಯಾಲರಿಯಿಂದ ಬಂದ ‘ಬಿಡು’

ಅಡುಗೆಮನೆಯ ಮೇಜಿನಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಸೀಸೆ ನೋಡಿಯೇ ನೋವು ಹೆದರಿ ಓಡಲಿ ಎಂದು ಕಪಾಟಿನಲ್ಲಿಟ್ಟು ಕಾಯುತ್ತಿದ್ದೀರೋ? ನಿಮ್ಮನ್ನು ಕೇಳಿ ಪ್ರಯೋಜನವಿಲ್ಲ, ಅತ್ತಿಗೆಯನ್ನೇ ಕೇಳುತ್ತೇನೆ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ಇವರು ಲಿಫ್ಟ್ ರಿಪೇರಿಗೆ ಹೋದಲ್ಲೆಲ್ಲ ಮೊದಲು ಮಗಳ ಫೋಟೊ ತೋರಿಸಿ, ಆಮೇಲೆ ಸ್ಕ್ರೂ ಬಿಚ್ಚುತ್ತಾರೆ. ನಾನು ಹೋಟೆಲಿನ ಲಾಂಡ್ರಿಯಲ್ಲಿ ದಿನವಿಡೀ ಊರವರ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕಿ ಬಂದರೂ, ನಮ್ಮ ಮಗಳು ಕಡ್ಡಿಯ ವಾಲಿಬಾಲ್ ತಂಡದ ಅಂಗಿಗೆ ಮನೆಯಲ್ಲಿ ಬೇರೆ ಯಾರೂ ಇಸ್ತ್ರಿ ಮುಟ್ಟಿಸುವ ಹಾಗಿಲ್ಲ. ಆ ಅಂಗಿಯ ಮೇಲೆ ನಮ್ಮ ದೇಶದ್ದಲ್ಲ, ನಾವು ಬಂದು ನೆಲೆಸಿದ ಈ ದೇಶದ ಹೆಸರಿದೆ.

ಅದಕ್ಕೇ ನಿಮಗೆ ಸಿಟ್ಟು ಎಂದು ಗೊತ್ತು. “ನಮ್ಮೆದುರು ನಿಂತು ಆಡೋಳಿಗೆ ನಾನ್ಯಾಕೆ ಫೋನ್ ಮಾಡ್ಲಿ?” ಎಂದು ಅಣ್ಣನ ಹತ್ತಿರ ಹೇಳಿದಿರಂತೆ. ಅಣ್ಣನ ಬಾಯಲ್ಲಿ ಮಾತು ನಿಲ್ಲುವುದುಂಟೇ, ನಿಮ್ಮ ಮೊಮ್ಮಗಳ ಕಿವಿಗೂ ಬಿತ್ತು. ಅವಳು ತಟ್ಟೆಯಲ್ಲಿ ಕೈಯಾಡಿಸಿ ಎದ್ದುಬಿಟ್ಟಳು. ನನಗೆ ನೋವಾಯಿತು ಅಪ್ಪಾ. ಇಲ್ಲಿ ಬೆಳೆದಳು, ಇಲ್ಲಿಯವರು ಕರೆದರು, ಹೋದಳು. ಹಾಗೆಂದು ಬರಿಗೈಯಲ್ಲಿ ಹೋದಳೆಂದು ತಿಳಿಯಬೇಡಿ.

ಅವಳು ಚಿಕ್ಕವಳಿದ್ದಾಗ ಊರಿನ ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ಹಗ್ಗವನ್ನೇ ನೆಟ್ ಮಾಡಿ, ಬಸ್ ಡಿಪೋ ತಂಡದ ಕ್ಯಾಪ್ಟನ್ ಗತ್ತಿನಲ್ಲಿ ನೀವು ಅವಳಿಗೆ ವಾಲಿಬಾಲ್ ಕಲಿಸಿದಿರಲ್ಲ? ಚೆಂಡು ತನಗೆ ಸಿಗುವಂತಿದ್ದರೆ “ನಂದು”, ಗೆರೆಯಾಚೆ ಹೋಗುವಂತಿದ್ದರೆ “ಬಿಡು”. ಇಲ್ಲಿಗೆ ಬಂದ ಮೇಲೂ ಅವಳ ಬಾಯಲ್ಲಿ ಅದೇ. ಮೊದಲು ಜೊತೆಯವರು ನಕ್ಕರಂತೆ. ಎದುರು ತಂಡಕ್ಕೆ ತಲೆಬುಡ ತಿಳಿಯುವುದಿಲ್ಲ, ಒಳ್ಳೆಯದೇ ಆಯಿತು ಎಂದು ಕೋಚಮ್ಮ ಎಲ್ಲರಿಗೂ ಅದನ್ನೇ ರೂಢಿ ಮಾಡಿಸಿದರು. ಅವರಲ್ಲಿ ಇನ್ನಿಬ್ಬರು ಬೇರೆ ಬೇರೆ ದೇಶಗಳಿಂದ ಬಂದವರು. ಏಣಿ ಎಂದು ನಾನು ಹೆಸರಿಟ್ಟಿರುವ ಉದ್ದನೆಯ ಹುಡುಗಿಯಂತೂ “ನಂದೂ” ಎಂದು ರಾಗ ಎಳೆಯುವುದನ್ನು ನೀವು ಕೇಳಬೇಕು.

ನಿನ್ನೆ ನಮ್ಮ ದೇಶದವರ ಎದುರೇ ಇವಳ ತಂಡದ ಆಟವಿತ್ತು. ನೀವು ಟಿವಿ ಆರಿಸಿ ಮಲಗಿದಿರೆಂದು ವರದಿ ಬಂದಿದೆ, ಹಾಗಾಗಿ ನಾನೇ ಹೇಳಬೇಕು. ಕೊನೆಯ ಸೆಟ್, ಪಾಯಿಂಟು ಹೆಚ್ಚುಕಡಿಮೆ ಸಮಸಮ. ಅವರು ಹೊಡೆದ ಚೆಂಡು ಎತ್ತರಕ್ಕೆ ಹೋಗಿ ಹಿಂದಿನ ಗೆರೆಯ ಕಡೆ ಬಂತು. ಹೊರಗೇ ಬೀಳುತ್ತದೆ ಎನ್ನಿಸಿತು. ಹಿತ್ತಿಲ ಅಭ್ಯಾಸ ನೋಡಿ, ಗ್ಯಾಲರಿಯಿಂದ ಗಂಟಲು ಹರಿಯುವ ಹಾಗೆ “ಬಿಡು” ಎಂದು ಕೂಗಿಬಿಟ್ಟೆ. ಅಂಗಳದಲ್ಲಿದ್ದ ಆರೂ ಜನ, ಹೇಳಿದ ಮಾತು ಕೇಳುವ ಮಕ್ಕಳ ಹಾಗೆ, ಕೈ ಇಳಿಸಿ ನಿಂತರು. ಚೆಂಡು ಗೆರೆಯ ಒಳಗೆ ಬಿತ್ತು. ಇವರು ತಲೆ ಮೇಲೆ ಕೈಹೊತ್ತು ಕೂತರು. ಅದೇ ಕೊನೆಯ ಪಾಯಿಂಟು, ಸೋತೆವು. ನೀವು ಸಂತೋಷಪಡಿ, ನಿಮ್ಮ ಕಡೆಯನ್ನು ಗೆಲ್ಲಿಸಿದ್ದು ನಿಮ್ಮ ಮಗಳೇ.

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಗೆದ್ದ ತಂಡದಲ್ಲಿದ್ದ ನಮ್ಮ ಕಡೆಯ ಹುಡುಗಿಯೊಬ್ಬಳು ಮೆಟ್ಟಿಲು ಹತ್ತಿ ಬಂದು, “ಥ್ಯಾಂಕ್ಸ್ ಆಂಟಿ” ಎಂದು ನನ್ನ ಕೈ ಕುಲುಕಿ ಹೋದಳು. ಕಡ್ಡಿ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಹೊಟ್ಟೆ ಹಿಡಿದು ನಗುತ್ತಾ, “ಥೇಟ್ ತಾತನ ಥರಾನೇ ಕೂಗ್ದೆ ಕಣಮ್ಮಾ, ಅದಕ್ಕೇ ಕಾಲು ನಿಂತ್ಬಿಡ್ತು” ಎಂದಳು. ಸೋತ ಮನೆಯಲ್ಲಿ ಇಷ್ಟು ನಗು ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಇನ್ನು ಮುಂದೆ ನನಗೆ ಕಟ್ಟಕಡೆಯ ಸಾಲಿನಲ್ಲೇ ಜಾಗ, ಅದೂ ಬಾಯಿ ಮುಚ್ಚಿಕೊಂಡು.

ಎಣ್ಣೆ ಹಚ್ಚಿಕೊಳ್ಳಿ, ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯಿರಿ. ಅಣ್ಣ ಅತ್ತಿಗೆಗೆ ನಮ್ಮೆಲ್ಲರ ನೆನಪು ಹೇಳಿ. ನಿಮ್ಮ ಆಶೀರ್ವಾದ ನಮ್ಮ ಮೂವರ ಮೇಲೂ ಇರಲಿ, ಸಿಟ್ಟಿನ ನಡುವೆ ಬಿಡುವು ಸಿಕ್ಕಾಗಲಾದರೂ.

ನಿಮ್ಮ ಬಾಯಿಬಡುಕಿ ಮಗಳು

ಮರೆತದ್ದಲ್ಲ, ಬರೆಯಲು ಹೆದರಿ ಉಳಿಸಿಕೊಂಡದ್ದು: ಮುಂದಿನ ತಿಂಗಳು ಮತ್ತೆ ಇದೇ ಎರಡು ತಂಡಗಳ ಆಟ, ಅದೂ ನಿಮ್ಮ ಊರಿನಲ್ಲೇ. ಗ್ಯಾಲರಿ ತುಂಬ ನಮ್ಮ ಮಾತಿನವರೇ ಇರುತ್ತಾರೆ, ಯಾರು ಕೂಗಿದರೂ ಕಿವಿಗೆ ಹಾಕಿಕೊಳ್ಳಬೇಡಿ ಎಂದು ತಂಡಕ್ಕೆ ಕೋಚಮ್ಮನ ಕಟ್ಟಪ್ಪಣೆ. ಅಲ್ಲಿ ಹೂಂಗುಟ್ಟಿ ಬಂದ ಕಡ್ಡಿ ನನ್ನೆದುರು ಬೇರೆಯೇ ಹೇಳಿದಳು: “ತಾತ ಕೂಗಿದ್ರೆ ಮಾತ್ರ ಬಿಡ್ತೀನಮ್ಮಾ. ಆ ಕಡೆ ಕೂತು, ನನ್ನ ಸೋಲಿಸೋಕೇಂತ ಸುಳ್ಳು ಕೂಗಿದ್ರೂ ಪರವಾಗಿಲ್ಲ. ಬಂದು ಕೂಗ್ಲಿ.”